ಒಂದು ಡಿಸ್ಕ್ ಓದುತ್ತದೆ, ಇನ್ನೊಂದು ಓದುವುದಿಲ್ಲ: ಸಿಡಿ-ಡಿವಿಡಿ ಡ್ರೈವ್ ತೊಂದರೆಗೆ ಸಮಗ್ರ ಮಾರ್ಗದರ್ಶಿ

ಹಳೆಯ ಹಾಡಿನ ಸಿಡಿ ಹಾಕಿದರೆ ತಕ್ಷಣ ತೆರೆದುಕೊಳ್ಳುತ್ತದೆ. ಮದುವೆಯ ಡಿವಿಡಿ ಹಾಕಿದರೆ ಡ್ರೈವ್ ಗರಗರ ಸದ್ದು ಮಾಡಿ, ನಿಂತು, ಮತ್ತೆ ತಿರುಗಿ, ಕೊನೆಗೆ ‘ಡಿಸ್ಕ್ ಹಾಕಿ’ ಎನ್ನುತ್ತದೆ. ಹೀಗಾದಾಗ ಹೆಚ್ಚಿನವರು ಮೊದಲು ಡ್ರೈವರ್ ತೆಗೆದು ಮತ್ತೆ ಹಾಕುತ್ತಾರೆ. ಆಗಲಿಲ್ಲ ಎಂದರೆ ವಿಂಡೋಸನ್ನೇ ಹೊಸದಾಗಿ ಹಾಕುತ್ತಾರೆ. ಅದೂ ಆಗದಿದ್ದರೆ ಟೂತ್‌ಪೇಸ್ಟ್ ತಂದು ಡಿಸ್ಕ್ ಉಜ್ಜುತ್ತಾರೆ.

ಈ ಮೂರರಿಂದಲೂ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಡ್ರೈವ್ ಒಂದೇ ಒಂದು ಡಿಸ್ಕನ್ನಾದರೂ ಸರಿಯಾಗಿ ಓದುತ್ತಿದ್ದರೆ ಡ್ರೈವರ್, ಕೇಬಲ್, ವಿಂಡೋಸ್ ಬಹುಮಟ್ಟಿಗೆ ಸರಿಯಾಗಿಯೇ ಇವೆ. ತೊಂದರೆ ಇರುವುದು ಡಿಸ್ಕ್‌ನಲ್ಲಿ, ಲೆನ್ಸ್‌ನಲ್ಲಿ, ಲೇಸರ್‌ನಲ್ಲಿ ಅಥವಾ ಡಿಸ್ಕ್ ಬರೆದ ರೀತಿಯಲ್ಲಿ. ಇವುಗಳಲ್ಲಿ ಯಾವುದು ಎಂದು ತಿಳಿಯಲು ಮೊದಲು ಒಂದು ಕೆಲಸ ಆಗಬೇಕು: ಯಾವ ಬಗೆಯ ಡಿಸ್ಕ್ ಓದುತ್ತಿದೆ, ಯಾವ ಬಗೆಯದು ಓದುತ್ತಿಲ್ಲ ಎಂದು ವಿಂಗಡಿಸಬೇಕು. ಇದನ್ನು ಬಿಟ್ಟು ನೇರವಾಗಿ ರಿಪೇರಿಗೆ ಇಳಿದವರೇ ಮತ್ತೆ ಮತ್ತೆ ಸೋಲುವುದು. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ.

## ಮೊದಲು ಕೈಗೆ ಬೇಕಾದ ಸಾಮಾನು

- ಚೆನ್ನಾಗಿ ಓದುತ್ತದೆ ಎಂದು ಗೊತ್ತಿರುವ ನಾಲ್ಕು ಡಿಸ್ಕ್: ಅಂಗಡಿಯಲ್ಲಿ ಕೊಂಡ ಸಿಡಿ, ಮನೆಯಲ್ಲಿ ಬರೆದ ಸಿಡಿ, ಅಂಗಡಿಯ ಡಿವಿಡಿ, ಮನೆಯಲ್ಲಿ ಬರೆದ ಡಿವಿಡಿ
- ಮೈಕ್ರೋಫೈಬರ್ ಬಟ್ಟೆ (ಕನ್ನಡಕ ಒರೆಸುವಂಥದ್ದು)
- ಡಿಸ್ಟಿಲ್ಡ್ ವಾಟರ್
- ಐಸೋಪ್ರೊಪೈಲ್ ಆಲ್ಕೋಹಾಲ್, ಹತ್ತಿ ಕಡ್ಡಿ, ಗಾಳಿ ಊದುವ ರಬ್ಬರ್ ಬಲ್ಬ್
- ನೇರ ಮಾಡಿದ ಪೇಪರ್ ಕ್ಲಿಪ್
- ಟಾರ್ಚ್
- ಸಾಧ್ಯವಾದರೆ, ಒಂದು ಹೊತ್ತಿಗೆ ಎರವಲು ಸಿಗುವ ಇನ್ನೊಂದು ಡ್ರೈವ್

ಐಸೋಪ್ರೊಪೈಲ್ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಸುಲಭ. ಅದರ ಬದಲು ಸ್ಯಾನಿಟೈಸರ್ ಬಳಸಬೇಡಿ. ಅದರಲ್ಲಿ ಗ್ಲಿಸರಿನ್ ಇರುತ್ತದೆ, ಒಣಗಿದ ಮೇಲೆ ಪೊರೆ ಉಳಿಯುತ್ತದೆ.

## ಹಂತ 1: ಡಿಸ್ಕ್ ಒಡೆದಿದೆಯಾ ನೋಡಿ

ಓದದ ಡಿಸ್ಕನ್ನು ಮತ್ತೆ ಡ್ರೈವ್‌ಗೆ ಹಾಕುವ ಮೊದಲು ಬೆಳಕಿಗೆ ಹಿಡಿಯಿರಿ. ನಡುವಿನ ತೂತಿನ ಸುತ್ತ ಕೂದಲೆಳೆಯಷ್ಟು ಬಿರುಕು ಕಂಡರೂ ಅದನ್ನು ಹಾಕಲೇಬೇಡಿ. ಡೆಸ್ಕ್‌ಟಾಪ್‌ನ 52 ಎಕ್ಸ್ (ಎಕ್ಸ್ ಎಂದರೆ ಡ್ರೈವ್‌ನ ವೇಗದ ಅಳತೆ) ಡ್ರೈವ್‌ನಲ್ಲಿ ಸಿಡಿ ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗುತ್ತದೆ. ಬಿರುಕಿರುವ ಡಿಸ್ಕ್ ಆ ವೇಗದಲ್ಲಿ ಚೂರಾಗಬಹುದು. ಚೂರು ಲೆನ್ಸ್‌ಗೆ ಬಡಿದರೆ ಡ್ರೈವ್ ಕೂಡ ಮುಗಿಯಿತು.

ಟಾರ್ಚ್ ಬೆಳಕನ್ನು ಲೇಬಲ್ ಕಡೆಯಿಂದ ಬಿಟ್ಟು ಕೆಳಗಿನಿಂದ ನೋಡಿ. ಸೂಜಿ ಮೊನೆಯಷ್ಟು ಬೆಳಕಿನ ಚುಕ್ಕೆಗಳು ಕಂಡರೆ ಅಲ್ಲಿ ಲೋಹದ ಪದರ ಹೋಗಿದೆ. ಎಷ್ಟು ಒರೆಸಿದರೂ ಅದು ವಾಪಸ್ ಬರುವುದಿಲ್ಲ. ಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಲೇಬಲ್‌ನ ಕೆಳಗೇ, ಬರೀ ತೆಳು ಅರಗಿನ ರಕ್ಷಣೆಯಲ್ಲಿ. ಹಾಗಾಗಿ ಸಿಡಿಯ ಮೇಲ್ಭಾಗದ ಗೀರು ಕೆಳಭಾಗದ ಗೀರಿಗಿಂತ ಹೆಚ್ಚು ಅಪಾಯ. ಇದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಹೊಳೆಯುವ ಕಡೆಯನ್ನು ಜೋಪಾನ ಮಾಡಿ, ಲೇಬಲ್ ಕಡೆ ಕೆಳಗೆ ಮಾಡಿ ಮೇಜಿನ ಮೇಲೆ ಎಳೆಯುತ್ತಾರೆ. ಡಿವಿಡಿಯಲ್ಲಿ ಆ ಪದರ ಎರಡು ಪ್ಲಾಸ್ಟಿಕ್ ತಟ್ಟೆಗಳ ನಡುವೆ ಇರುತ್ತದೆ, ಸ್ವಲ್ಪ ಜಾಸ್ತಿ ಭದ್ರ.

ಮೇಲೆ ಅಂಟಿಸಿದ ಕಾಗದದ ಸ್ಟಿಕ್ಕರ್ ಕೂಡ ನೋಡಿ. ಅದರ ಅಂಚು ಎದ್ದಿದ್ದರೆ ಡಿಸ್ಕ್ ಅಲ್ಲಾಡುತ್ತಾ ತಿರುಗುತ್ತದೆ, ವೇಗ ಹೆಚ್ಚಿದಾಗ ಓದಲು ಆಗುವುದಿಲ್ಲ. ಆದರೆ ಸಿಡಿಯಿಂದ ಸ್ಟಿಕ್ಕರ್ ಕೀಳಬೇಡಿ. ಲೋಹದ ಪದರವೂ ಅದರ ಜೊತೆ ಎದ್ದು ಬರುತ್ತದೆ.

## ಹಂತ 2: ವಿಂಗಡಿಸಿ

ಇಡೀ ಕೆಲಸದಲ್ಲಿ ಮುಖ್ಯವಾದ ಹಂತ ಇದು. ನಾಲ್ಕು ಪರೀಕ್ಷೆ ಡಿಸ್ಕ್‌ಗಳನ್ನು ಒಂದೊಂದಾಗಿ ಹಾಕಿ. ಪ್ರತಿಯೊಂದಕ್ಕೂ ಪೂರ್ತಿ ಒಂದು ನಿಮಿಷ ಕೊಡಿ. ಏನಾಯಿತು ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಸುಮ್ನೆ ನೆನಪಿನಲ್ಲಿ ಇಟ್ಟುಕೊಂಡರೆ ಮೂರನೆಯ ಡಿಸ್ಕ್ ಹೊತ್ತಿಗೆ ಗೊಂದಲ ಶುರುವಾಗುತ್ತದೆ.

ಸಿಡಿ ಯಾವುದೂ ಓದುವುದಿಲ್ಲ, ಡಿವಿಡಿ ಎಲ್ಲ ಓದುತ್ತದೆ (ಅಥವಾ ಇದರ ತಿರುಗುಮುರುಗು). ಸಿಡಿ ಓದಲು 780 ನ್ಯಾನೋಮೀಟರ್ ಲೇಸರ್ ಬೇಕು, ಡಿವಿಡಿಗೆ 650 ನ್ಯಾನೋಮೀಟರ್. ಒಂದೇ ಡ್ರೈವ್‌ನಲ್ಲಿ ಎರಡೂ ಇರುತ್ತವೆ. ಒಂದು ಸತ್ತರೂ ಇನ್ನೊಂದು ಕೆಲಸ ಮಾಡುತ್ತಲೇ ಇರುತ್ತದೆ. ಒಂದು ಜಾತಿ ಪೂರ್ತಿ ಸೋತು ಇನ್ನೊಂದು ಪೂರ್ತಿ ಗೆದ್ದರೆ ಅನುಮಾನ ಲೇಸರ್ ಮೇಲೆಯೇ. ಹಂತ 7ನ್ನು ಒಮ್ಮೆ ಮಾಡಿ ನೋಡಿ. ಸರಿ ಹೋಗದಿದ್ದರೆ ಡ್ರೈವ್ ಬದಲಿಸಿ.

ಅಂಗಡಿಯ ಡಿಸ್ಕ್ ಓದುತ್ತದೆ, ಮನೆಯಲ್ಲಿ ಬರೆದದ್ದು ಓದುವುದಿಲ್ಲ. ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಡಿಸ್ಕ್ ಬೆಳಕನ್ನು ಚೆನ್ನಾಗಿ ಹಿಂದಿರುಗಿಸುತ್ತದೆ. ಬರೆದ ಡಿಸ್ಕ್‌ನಲ್ಲಿ ಬಣ್ಣದ ಪದರ ಇರುತ್ತದೆ, ವರ್ಷ ಕಳೆದಂತೆ ಅದು ಮಾಸುತ್ತದೆ. ಅಳಿಸಿ ಮತ್ತೆ ಬರೆಯುವ ಆರ್‌ಡಬ್ಲ್ಯೂ ಡಿಸ್ಕ್‌ಗಳಂತೂ ಇನ್ನೂ ಮಂದ. ಸಾಮಾನ್ಯ ಸಿಡಿ ಸುಮಾರು 70 ಶೇಕಡಾ ಬೆಳಕು ಹಿಂದಿರುಗಿಸಿದರೆ, ಸಿಡಿ-ಆರ್‌ಡಬ್ಲ್ಯೂ 15ರಿಂದ 25 ಶೇಕಡಾ ಮಾತ್ರ. ಲೆನ್ಸ್ ಮೇಲೆ ಧೂಳು ಕೂತಾಗ ಅಥವಾ ಲೇಸರ್ ಸೊರಗಿದಾಗ ಇವೇ ಮೊದಲು ಕೈಕೊಡುತ್ತವೆ. ಹಂತ 4, 5, 7 ನಿಮಗಾಗಿಯೇ.

ಒಂದೇ ಒಂದು ಡಿಸ್ಕ್ ಮಾತ್ರ ಓದುವುದಿಲ್ಲ. ಡ್ರೈವ್ ಮುಟ್ಟಬೇಡಿ. ತೊಂದರೆ ಆ ಡಿಸ್ಕ್‌ನದು.

ಶುರುವಿನಲ್ಲಿ ಓದಿ, ಆಮೇಲೆ ನಿಲ್ಲುತ್ತದೆ. ಡಿಸ್ಕ್ ಒಳಗಿನಿಂದ ಹೊರಗೆ ಓದಿಕೊಂಡು ಹೋಗುತ್ತದೆ. ಕೊನೆಯ ಹಾಡು, ಕೊನೆಯ ಫೋಟೋಗಳು ಬಾರದಿದ್ದರೆ ಹೊರ ಅಂಚು ನೋಡಿ. ನಾವು ಬೆರಳಿಡುವುದು ಅಲ್ಲೇ ಅಲ್ವಾ? ಸಿನಿಮಾ ಸರಿಯಾಗಿ ಮಧ್ಯದಲ್ಲಿ ನಿಂತರೆ ಅದು ಎರಡು ಪದರದ, 8.5 ಜಿಬಿಯ ಡಿವಿಡಿ ಆಗಿರಬಹುದು. ಲೇಸರ್ ಒಂದು ಪದರದಿಂದ ಇನ್ನೊಂದಕ್ಕೆ ಹಾರುವ ಜಾಗ ಅದು. ಸೊರಗಿದ ಡ್ರೈವ್ ಅಲ್ಲಿ ತಡವರಿಸುತ್ತದೆ.

ಡಿಸ್ಕ್ ಇರುವುದೇ ಡ್ರೈವ್‌ಗೆ ಗೊತ್ತಾಗುವುದಿಲ್ಲ. ಅದು ಬ್ಲೂ-ರೇ ಇರಬಹುದಾ ನೋಡಿ. ಬ್ಲೂ-ರೇಗೆ 405 ನ್ಯಾನೋಮೀಟರ್‌ನ ಬೇರೆ ಲೇಸರ್ ಬೇಕು. ಡಿವಿಡಿ ಡ್ರೈವ್‌ನಲ್ಲಿ ಅದು ಇಲ್ಲವೇ ಇಲ್ಲ. ಯಾವ ಸಾಫ್ಟ್‌ವೇರ್ ಹಾಕಿದರೂ ಓದುವುದಿಲ್ಲ. ಡ್ರೈವ್‌ನ ಮುಖದ ಮೇಲಿರುವ ಗುರುತುಗಳೇ ಅದು ಏನೇನು ಓದಬಲ್ಲದು ಎಂದು ಹೇಳುತ್ತವೆ.

## ಹಂತ 3: ಸ್ಕ್ರೀನ್ ಮೇಲೆ ಬಂದ ಸಂದೇಶ ಓದಿ

ಎಲ್ಲ ಎರರ್ ಒಂದೇ ಎಂದು ಮುಚ್ಚಿಬಿಡುತ್ತೇವೆ. ಆದರೆ ಒಂದೊಂದಕ್ಕೂ ಬೇರೆ ಅರ್ಥ ಇದೆ.

‘ಪ್ಲೀಸ್ ಇನ್ಸರ್ಟ್ ಎ ಡಿಸ್ಕ್’ ಬಂದರೆ ಲೇಸರ್‌ಗೆ ಡಿಸ್ಕ್‌ನ ಮೊದಲ ಸುತ್ತುಗಳೇ ಕಾಣಿಸಿಲ್ಲ. ಡಿಸ್ಕ್ ಒಳಸುತ್ತು ಕೊಳೆಯಾಗಿದೆ, ಲೆನ್ಸ್ ಕೊಳೆಯಾಗಿದೆ ಅಥವಾ ಲೇಸರ್ ಹೋಗಿದೆ.

‘ಸೈಕ್ಲಿಕ್ ರಿಡಂಡೆನ್ಸಿ ಚೆಕ್’ ಎಂದು ಬಂದರೆ ಡಿಸ್ಕ್ ಸಿಕ್ಕಿದೆ, ಫೈಲ್ ಪಟ್ಟಿ ಸಿಕ್ಕಿದೆ, ಒಂದು ಜಾಗದ ಮಾಹಿತಿ ಮಾತ್ರ ಹಾಳಾಗಿದೆ. ಇದು ಒಂದು ರೀತಿ ಒಳ್ಳೆಯ ಸುದ್ದಿ. ಉಳಿದ ಫೈಲ್‌ಗಳನ್ನು ಈಗಲೇ ಹಾರ್ಡ್ ಡಿಸ್ಕ್‌ಗೆ ಎತ್ತಿಕೊಳ್ಳಿ.

ಇನ್ನು ‘ಈ ಡಿಸ್ಕ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು’ ಅಥವಾ ‘ಈ ಡಿಸ್ಕನ್ನು ಹೇಗೆ ಬಳಸುತ್ತೀರಿ’ ಎಂಬ ಪ್ರಶ್ನೆ. ಇಲ್ಲಿ ಯಾವ ಕಾರಣಕ್ಕೂ ಮುಂದಿನ ಬಟನ್ ಒತ್ತಬೇಡಿ. ಡ್ರೈವ್ ಆ ಡಿಸ್ಕನ್ನು ಖಾಲಿ ಎಂದು ತಿಳಿದುಕೊಂಡಿದೆ. ಅದು ಆರ್‌ಡಬ್ಲ್ಯೂ ಡಿಸ್ಕ್ ಆಗಿದ್ದು ನೀವು ಒಪ್ಪಿಕೊಂಡರೆ ಒಳಗಿದ್ದುದೆಲ್ಲ ಹೋಗುತ್ತದೆ. ಮಗುವಿನ ನಾಮಕರಣದ ಒಂದೇ ಪ್ರತಿ ಹೀಗೆ ಅಳಿಸಿಹೋದರೆ ಏನು ಮಾಡುತ್ತೀರಿ? ರದ್ದು ಮಾಡಿ, ಡಿಸ್ಕ್ ಹೊರಗೆ ತೆಗೆಯಿರಿ, ಮುಂದಿನ ಹಂತಕ್ಕೆ ಬನ್ನಿ.

## ಹಂತ 4: ಡಿಸ್ಕ್ ಸರಿ ಇದ್ದೂ ತೆರೆಯದ ಸಂದರ್ಭಗಳು

ಇವುಗಳಲ್ಲಿ ಕೆಟ್ಟಿರುವುದು ಏನೂ ಇರುವುದಿಲ್ಲ. ಆದರೂ ಜನ ಡ್ರೈವ್ ಎಸೆಯುತ್ತಾರೆ.

ಫೈನಲೈಸ್ ಆಗದ ಡಿಸ್ಕ್. ಟಿವಿ ಪಕ್ಕದ ಡಿವಿಡಿ ರೆಕಾರ್ಡರ್, 8 ಸೆಂಟಿಮೀಟರ್‌ನ ಚಿಕ್ಕ ಡಿವಿಡಿ ಬಳಸುವ ಹ್ಯಾಂಡಿಕ್ಯಾಮ್, ಕೆಲವು ಬರೆಯುವ ಸಾಫ್ಟ್‌ವೇರ್‌ಗಳು ಕೊನೆಯಲ್ಲಿ ಡಿಸ್ಕನ್ನು ‘ಮುಚ್ಚ’ಬೇಕು. ಮುಚ್ಚದಿದ್ದರೆ ಬರೆದ ಯಂತ್ರದಲ್ಲಿ ಮಾತ್ರ ಓದುತ್ತದೆ, ಕಂಪ್ಯೂಟರ್‌ನಲ್ಲಿ ಖಾಲಿ ಎಂದು ತೋರಿಸುತ್ತದೆ. ಪತ್ತೆ ಮಾಡಲು ಇಮ್ಜ್‌ಬರ್ನ್ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಡಿಸ್ಕ್ ಹಾಕಿದಾಗ ಬಲಗಡೆ ಅದರ ವಿವರ ಬರುತ್ತದೆ. ‘ಇನ್‌ಕಂಪ್ಲೀಟ್’ ಎಂದಿದ್ದರೆ ಮುಚ್ಚಿಲ್ಲದಿರಬಹುದು. ಬರೆದ ಯಂತ್ರ ಇನ್ನೂ ಇದ್ದರೆ ಅದರಲ್ಲೇ ಹಾಕಿ ಫೈನಲೈಸ್ ಮಾಡಿ. ಇಲ್ಲದಿದ್ದರೆ ಐಸೋಬಸ್ಟರ್ ಥರದ ಸಾಫ್ಟ್‌ವೇರ್ ಮುಚ್ಚದ ಡಿಸ್ಕ್ ಒಳಗಿನ ವಿಡಿಯೋ ಹುಡುಕಬಲ್ಲದು. ಚಿಕ್ಕ ಡಿಸ್ಕನ್ನು ಸೀಳಿನೊಳಗೆ ಎಳೆದುಕೊಳ್ಳುವ ಡ್ರೈವ್‌ಗೆ ಮಾತ್ರ ಹಾಕಬೇಡಿ. ಸಿಕ್ಕಿಕೊಂಡರೆ ಹೊರಗೆ ಬರುವುದು ಕಷ್ಟ.

ಡಿವಿಡಿ ಸಿನಿಮಾ. ಫೋಲ್ಡರ್ ಕಾಣುತ್ತದೆ, ಸಿನಿಮಾ ಓಡುವುದಿಲ್ಲ. ವಿಂಡೋಸ್ 8ರಿಂದ ಈಚೆಗೆ ಡಿವಿಡಿ ಸಿನಿಮಾ ತೋರಿಸುವ ಸೌಲಭ್ಯ ಜೊತೆಗೇ ಬರುವುದಿಲ್ಲ. ವಿಎಲ್‌ಸಿ ಪ್ಲೇಯರ್ ಹಾಕಿಕೊಳ್ಳಿ, ಅಷ್ಟೇ.

ರೀಜನ್ ಕೋಡ್. ಡಿವಿಡಿ ಸಿನಿಮಾ ಯಾವ ದೇಶಗಳಲ್ಲಿ ಓಡಬೇಕು ಎಂದು ಹೇಳುವ ಸಂಖ್ಯೆ ಇದು. ಭಾರತ ರೀಜನ್ 5, ಅಮೆರಿಕ ರೀಜನ್ 1. ಅಮೆರಿಕದಲ್ಲಿರುವ ಮಗಳು ಅಲ್ಲಿಂದ ತಂದ ಸಿನಿಮಾ ಇಲ್ಲಿ ಓಡದಿರಲು, ಇಲ್ಲಿಂದ ಕೊಂಡುಹೋದದ್ದು ಅಲ್ಲಿ ಓಡದಿರಲು ಇದೇ ಕಾರಣ ಆಗಿರಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವ್‌ನ ಪ್ರಾಪರ್ಟೀಸ್ ತೆರೆದರೆ ಡಿವಿಡಿ ರೀಜನ್ ಎಂಬ ಪುಟ ಸಿಗುತ್ತದೆ. ಎಚ್ಚರ: ಒಟ್ಟು 5 ಸಲ ಮಾತ್ರ ಬದಲಿಸಬಹುದು. ಆಮೇಲೆ ಕೊನೆಯದೇ ಕಾಯಂ. ಮೊದಲು ವಿಎಲ್‌ಸಿಯಲ್ಲಿ ನೋಡಿ, ಎಷ್ಟೋ ಸಲ ಬದಲಿಸದೆಯೇ ಓಡುತ್ತದೆ. ಫೋಟೋ, ಫೈಲ್ ಇರುವ ಡಿಸ್ಕ್‌ಗೆ ರೀಜನ್ ಅನ್ವಯಿಸುವುದೇ ಇಲ್ಲ.

ವಿಸಿಡಿ, ಅಂದರೆ ವಿಡಿಯೋ ಸಿಡಿ. ಒಂದು ಕಾಲದಲ್ಲಿ ಕನ್ನಡ ಸಿನಿಮಾ, ನಾಟಕ, ಯಕ್ಷಗಾನ ಮನೆಗೆ ಬಂದದ್ದೇ ಈ ರೂಪದಲ್ಲಿ. ಒಳಗೆ ‘ಎಂಪೆಗ್‌ಎವಿ’ ಎಂಬ ಫೋಲ್ಡರ್, ಅದರಲ್ಲಿ ಡ್ಯಾಟ್ ಫೈಲ್ ಇರುತ್ತದೆ. ಜಾಗ ಉಳಿಸಲು ವಿಸಿಡಿಯ ವಿಡಿಯೋ ಭಾಗಕ್ಕೆ ತಪ್ಪು ತಿದ್ದುವ ಹೆಚ್ಚುವರಿ ಮಾಹಿತಿ ಕೊಟ್ಟಿಲ್ಲ. ಹಾಗಾಗಿ ಟಿವಿ ಪ್ಲೇಯರ್ ಹಾರಿಸಿಕೊಂಡು ಹೋಗುವ ಚಿಕ್ಕ ಗೀರಿಗೂ ಕಂಪ್ಯೂಟರ್‌ನ ಕಾಪಿ ನಿಂತುಬಿಡಬಹುದು. ಆ ಡ್ಯಾಟ್ ಫೈಲನ್ನು ವಿಎಲ್‌ಸಿಯಲ್ಲಿ ನೇರವಾಗಿ ತೆರೆಯಿರಿ. ಕಾಪಿ ಬೇಕಾದರೆ ಐಸೋಬಸ್ಟರ್ ಬಳಸಿ.

ಆಡಿಯೋ ಸಿಡಿ. 1 ಕೆಬಿಯ ಸಿಡಿಎ ಫೈಲ್‌ಗಳು ಕಾಣುತ್ತವೆ. ಅವುಗಳನ್ನು ಕಾಪಿ ಮಾಡಿ, ‘ಹಾಡು ಬರಲಿಲ್ಲ, ಡಿಸ್ಕ್ ಕೆಟ್ಟಿದೆ’ ಎಂದುಕೊಳ್ಳುತ್ತಾರೆ. ಅವು ಹಾಡು ಎಲ್ಲಿದೆ ಎಂದು ತೋರಿಸುವ ಗುರುತು ಮಾತ್ರ. ವಿಂಡೋಸ್ ಮೀಡಿಯಾ ಪ್ಲೇಯರ್‌ನಲ್ಲಿ ‘ರಿಪ್’ ಮಾಡಿದರೆ ಹಾಡು ಬರುತ್ತದೆ.

## ಹಂತ 5: ಡಿಸ್ಕ್ ಒರೆಸುವುದು

ನಡುವಿನಿಂದ ಹೊರ ಅಂಚಿಗೆ ನೇರ ಗೆರೆಯಲ್ಲಿ ಒರೆಸಿ. ದುಂಡಗೆ ತಿರುಗಿಸುತ್ತಾ ಒರೆಸಬೇಡಿ. ಇದಕ್ಕೆ ಕಾರಣ ಇದೆ. ಡಿಸ್ಕ್‌ನ ಮಾಹಿತಿ ಸುರುಳಿಯಾಗಿ ಇರುತ್ತದೆ. ಅಡ್ಡ ಬಿದ್ದ ಗೀರು ಒಂದು ಸುತ್ತಿನಲ್ಲಿ ಚೂರೇ ಚೂರು ಜಾಗ ಕೆಡಿಸುತ್ತದೆ, ಅದನ್ನು ಡ್ರೈವ್ ತಾನೇ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಸಿಡಿಯಲ್ಲಿ ಸುಮಾರು 2.5 ಮಿಲಿಮೀಟರ್ ಉದ್ದದ ತುಂಡು ಕಾಣದಿದ್ದರೂ ಪೂರ್ತಿ ತಿದ್ದಿಕೊಳ್ಳಬಲ್ಲದು. ಸುರುಳಿಯ ಉದ್ದಕ್ಕೂ ಬಿದ್ದ ಗೀರಾದರೆ ಅದರ ಕೈಲಾಗುವುದಿಲ್ಲ.

ಮೊದಲು ಗಾಳಿ ಊದಿ ಧೂಳು ತೆಗೆಯಿರಿ. ಆಮೇಲೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಸ್ವಲ್ಪ ಒದ್ದೆ ಮಾಡಿದ ಬಟ್ಟೆ. ಬೆರಳಿನ ಜಿಡ್ಡು ಹೋಗದಿದ್ದರೆ ಮಾತ್ರ ನೀರು ಬೆರೆಸಿದ ಐಸೋಪ್ರೊಪೈಲ್. ಪೂರ್ತಿ ಒಣಗಿದ ಮೇಲೆ ಹಾಕಿ. ಪೆಟ್ರೋಲ್, ಥಿನ್ನರ್, ನೈಲ್‌ಪಾಲಿಶ್ ರಿಮೂವರ್ ತಾಗಿಸಬೇಡಿ, ಪ್ಲಾಸ್ಟಿಕ್ ಮಂಜಾಗುತ್ತದೆ.

ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲದ ತೇವಕ್ಕೆ ಡಿಸ್ಕ್ ಮೇಲೆ ಬೂಷ್ಟು ಬರುತ್ತದೆ. ಬಿಳಿ ಚುಕ್ಕೆ ಅಥವಾ ಬಳ್ಳಿಯಂಥ ಗುರುತು. ಮೇಲ್ಮೈಯಲ್ಲಿದ್ದರೆ ಈ ವಿಧಾನದಲ್ಲೇ ಹೋಗುತ್ತದೆ. ಅಂಚಿನಿಂದ ಪದರದೊಳಗೆ ಹೊಕ್ಕಿದ್ದರೆ ಹೋಗುವುದಿಲ್ಲ. ಬೂಷ್ಟು ಇರುವ ಡಿಸ್ಕನ್ನು ಒರೆಸದೆ ಡ್ರೈವ್‌ಗೆ ಹಾಕಬೇಡಿ, ಅದು ಲೆನ್ಸ್ ಮೇಲೆ ಉದುರುತ್ತದೆ. ಎ.ಸಿ. ಕೋಣೆಯಿಂದ ಸೆಕೆಗೆ ತಂದ ಡಿಸ್ಕ್ ಮೇಲೆ ಹನಿ ಕಟ್ಟಿದ್ದರೆ ಪೂರ್ತಿ ಒಣಗುವ ತನಕ ಕಾಯಿರಿ.

ಟೂತ್‌ಪೇಸ್ಟ್ ವಿಷಯ. ಅದು ಗೀರನ್ನು ತುಂಬುವುದಿಲ್ಲ. ಸುತ್ತಲಿನ ಪ್ಲಾಸ್ಟಿಕ್ಕನ್ನು ಸವೆಸುತ್ತದೆ. ಬೇರೆ ಪ್ರತಿ ಇಲ್ಲದ ಡಿಸ್ಕ್ ಮೇಲೆ ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಬ್ಲೂ-ರೇ ಮೇಲಂತೂ ಯೋಚನೆಯನ್ನೂ ಮಾಡಬೇಡಿ. ಅದರ ಮಾಹಿತಿ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಒಳಗಿದೆ.

## ಹಂತ 6: ಯುಎಸ್‌ಬಿ ಡ್ರೈವ್ ಆದರೆ ಕರೆಂಟ್ ನೋಡಿ

ಹೊರಗಿನಿಂದ ಜೋಡಿಸುವ ತೆಳು ಡ್ರೈವ್‌ಗಳಿಗೆ ಡಿಸ್ಕ್ ತಿರುಗಲು ಶುರುವಾದಾಗ ಜಾಸ್ತಿ ಕರೆಂಟ್ ಬೇಕು. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್, 3.0 ಕೊಡುವುದು 900. ಸಾಲದಿದ್ದರೆ ಸಿಡಿ ಓದಿ ಡಿವಿಡಿ ಓದದೆ ಹೋಗಬಹುದು, ಅಥವಾ ಡ್ರೈವ್ ಪದೇ ಪದೇ ಮಾಯವಾಗಿ ಬರಬಹುದು. ಹಬ್ ತೆಗೆದು ನೇರವಾಗಿ ಜೋಡಿಸಿ. ಡೆಸ್ಕ್‌ಟಾಪ್ ಆದರೆ ಹಿಂದಿನ ಪೋರ್ಟ್ ಬಳಸಿ. ಎರಡು ತಲೆಯ ಕೇಬಲ್ ಬಂದಿದ್ದರೆ ಎರಡನ್ನೂ ಚುಚ್ಚಿ.

## ಹಂತ 7: ಲೆನ್ಸ್ ಶುಚಿ ಮಾಡುವುದು

ಹಂತ 2ರಲ್ಲಿ ಹಲವು ಡಿಸ್ಕ್ ಸೋತಿದ್ದರೆ ಮಾತ್ರ ಇಲ್ಲಿಗೆ ಬನ್ನಿ.

ಲ್ಯಾಪ್‌ಟಾಪ್ ಡ್ರೈವ್‌ನ ಟ್ರೇ ಹೊರಗೆ ಎಳೆದರೆ ಲೆನ್ಸ್ ಕಣ್ಣಿಗೇ ಕಾಣುತ್ತದೆ. ಟ್ರೇ ತೆರೆದು ಕಂಪ್ಯೂಟರ್ ಪೂರ್ತಿ ಆಫ್ ಮಾಡಿ. ಟ್ರೇ ಬಾರದಿದ್ದರೆ ಆಫ್ ಆದ ಮೇಲೆ ಮುಂದಿನ ಸಣ್ಣ ತೂತಿಗೆ ಪೇಪರ್ ಕ್ಲಿಪ್ ನೇರವಾಗಿ ಒತ್ತಿ.

1. ರಬ್ಬರ್ ಬಲ್ಬ್‌ನಿಂದ ಎರಡು-ಮೂರು ಸಲ ಊದಿ. ಬಾಯಿಂದ ಊದಿದರೆ ಉಗುಳು ಬೀಳುತ್ತದೆ.
2. ಹತ್ತಿ ಕಡ್ಡಿಗೆ ಒಂದು ಹನಿ ಐಸೋಪ್ರೊಪೈಲ್. ತೊಟ್ಟಿಕ್ಕಬಾರದು.
3. ಲೆನ್ಸ್ ಮೇಲೆ ತೀರಾ ಮೆಲ್ಲಗೆ ಒಮ್ಮೆ ಸುತ್ತಿಸಿ. ಅದು ತೆಳು ತಂತಿಗಳ ಮೇಲೆ ತೂಗುತ್ತಿರುತ್ತದೆ, ಒತ್ತಿದರೆ ಬಾಗುತ್ತದೆ.
4. ಒಣ ಕಡ್ಡಿಯಿಂದ ಇನ್ನೊಮ್ಮೆ. ಹತ್ತು ನಿಮಿಷ ಬಿಟ್ಟು ಪರೀಕ್ಷೆ ಡಿಸ್ಕ್‌ಗಳನ್ನೇ ಮತ್ತೆ ಹಾಕಿ.

ಡೆಸ್ಕ್‌ಟಾಪ್ ಡ್ರೈವ್‌ಗೆ ಚಿಕ್ಕ ಬ್ರಷ್ ಇರುವ ಲೆನ್ಸ್ ಕ್ಲೀನರ್ ಡಿಸ್ಕ್ ಬಳಸಿ. ಸ್ಕ್ರೂ ಬಿಚ್ಚಿದ ಡ್ರೈವ್‌ಗೆ ಕರೆಂಟ್ ಕೊಟ್ಟು ‘ಲೇಸರ್ ಉರಿಯುತ್ತಿದೆಯಾ’ ಎಂದು ಇಣುಕಬೇಡಿ. ಸಿಡಿ ಲೇಸರ್ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಆದರೆ ಕಣ್ಣು ಹಾಳು ಮಾಡಬಲ್ಲದು.

ಲೇಸರ್ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ ಶಕ್ತಿ ಹೆಚ್ಚಿಸುವ ವಿಡಿಯೋಗಳನ್ನು ನಂಬಬೇಡಿ. ಸೊರಗಿದ ಲೇಸರ್ ಅದರಿಂದ ಬೇಗ ಸಾಯುತ್ತದೆ.

## ಹಂತ 8: ಓದಿದ ಕೂಡಲೇ ನಕಲು ಮಾಡಿ

ಮೊಂಡು ಡಿಸ್ಕ್ ಒಮ್ಮೆ ತೆರೆದುಕೊಂಡರೆ ಸಿನಿಮಾ ನೋಡುತ್ತಾ ಕೂರಬೇಡಿ. ಮುಂದಿನ ಸಲ ತೆರೆಯುತ್ತದೆ ಎಂಬ ಖಾತ್ರಿ ಇಲ್ಲ.

ಇನ್ನೂ ಓದದಿದ್ದರೆ ಬೇರೆ ಡ್ರೈವ್‌ನಲ್ಲಿ ಹಾಕಿ. ಒಂದು ಡ್ರೈವ್ ಸೋತ ಡಿಸ್ಕನ್ನು ಇನ್ನೊಂದು ಸಲೀಸಾಗಿ ಓದುವುದು ಬಹಳ ಸಾಮಾನ್ಯ. ನನ್ನ ಮಟ್ಟಿಗೆ ಎಲ್ಲ ಸಾಫ್ಟ್‌ವೇರ್‌ಗಿಂತ ಇದೇ ದೊಡ್ಡ ಉಪಾಯ.

ವಿಂಡೋಸ್‌ನ ಸಾಮಾನ್ಯ ಕಾಪಿ ಮೊದಲ ತಪ್ಪಿಗೇ ಮುಗ್ಗರಿಸುತ್ತದೆ. ಲಿನಕ್ಸ್‌ನ ಡಿಡಿರೆಸ್ಕ್ಯೂ ಹಾಗಲ್ಲ. ಓದಲು ಸುಲಭವಾದ ಜಾಗಗಳನ್ನು ಮೊದಲು ಎತ್ತಿಕೊಂಡು, ಹಾಳಾದ ಜಾಗಕ್ಕೆ ಆಮೇಲೆ ಬರುತ್ತದೆ. ಡೇಟಾ ಡಿಸ್ಕ್‌ಗೆ ಬ್ಲಾಕ್ ಗಾತ್ರ 2048 ಕೊಡಿ, ಮ್ಯಾಪ್ ಫೈಲ್ ಹೆಸರು ಕೊಡುವುದನ್ನು ಮರೆಯಬೇಡಿ. ಆ ಮ್ಯಾಪ್ ಇದ್ದರೆ ಅದೇ ಡಿಸ್ಕನ್ನು ಎರಡನೆಯ ಡ್ರೈವ್‌ಗೆ ಹಾಕಿ ಮುಂದುವರಿಸಬಹುದು. ಮೊದಲನೆಯದು ಬಿಟ್ಟ ಜಾಗಗಳನ್ನು ಮಾತ್ರ ಎರಡನೆಯದು ಪ್ರಯತ್ನಿಸುತ್ತದೆ. ಆಡಿಯೋ ಸಿಡಿ ಮತ್ತು ವಿಸಿಡಿಗೆ ಇದು ಹೊಂದುವುದಿಲ್ಲ. ಹಾಡಿಗೆ ಎಕ್ಸ್ಯಾಕ್ಟ್ ಆಡಿಯೋ ಕಾಪಿ, ವಿಸಿಡಿಗೆ ಐಸೋಬಸ್ಟರ್ ಸರಿ.

ವೇಗ ಕಡಿಮೆ ಮಾಡುವ ಆಯ್ಕೆ ಇದ್ದರೆ 4 ಎಕ್ಸ್‌ಗೆ ಇಳಿಸಿ. ಬಾಗಿದ, ಅಲ್ಲಾಡುವ ಡಿಸ್ಕ್‌ಗಳಿಗೆ ಇದು ಒಳ್ಳೆಯದು. ಡ್ರೈವ್ ಟಕ್ ಟಕ್ ಎನ್ನುತ್ತಾ ಬಿಸಿಯಾಗಿದ್ದರೆ ನಿಲ್ಲಿಸಿ, ತಣ್ಣಗಾಗಲು ಬಿಡಿ.

ನಕಲು ಮುಗಿದ ಮೇಲೆ ಗಾತ್ರ ನೋಡಿ ಸಮಾಧಾನ ಪಡಬೇಡಿ. ವಿಡಿಯೋ ಮಧ್ಯಕ್ಕೆ, ಕೊನೆಗೆ ಓಡಿಸಿ ನೋಡಿ. ಫೋಟೋಗಳನ್ನು ತೆರೆಯಿರಿ.

## ಹಂತ 9: ಡ್ರೈವ್ ಬದಲಿಸುವುದು

ಲೆನ್ಸ್ ಶುಚಿಯಾದ ಮೇಲೂ ಒಂದು ಜಾತಿಯ ಡಿಸ್ಕ್ ಪೂರ್ತಿ ಓದದಿದ್ದರೆ, ಅವೇ ಡಿಸ್ಕ್ ಬೇರೆ ಡ್ರೈವ್‌ನಲ್ಲಿ ಓದಿದರೆ, ರಿಪೇರಿಗೆ ಹಣ ಹಾಕಬೇಡಿ. ಫರ್ಮ್‌ವೇರ್ (ಡ್ರೈವ್‌ನೊಳಗೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್ ಕೂಡ ಸೊರಗಿದ ಲೇಸರನ್ನು ಸರಿಮಾಡುವುದಿಲ್ಲ. ಮಧ್ಯದಲ್ಲಿ ಕರೆಂಟ್ ಹೋದರೆ ಇರುವ ಡ್ರೈವ್ ಕೂಡ ಹೋಗುತ್ತದೆ.

ಲ್ಯಾಪ್‌ಟಾಪ್ ಒಳಗಿನ ಡ್ರೈವ್ ಕೊಳ್ಳುವ ಮೊದಲು ದಪ್ಪ ಅಳೆಯಿರಿ. 12.7 ಮತ್ತು 9.5 ಮಿಲಿಮೀಟರ್ ಎಂದು ಎರಡು ಬಗೆ ಸಾಮಾನ್ಯ, ಒಂದರ ಜಾಗದಲ್ಲಿ ಇನ್ನೊಂದು ಸರಿಯಾಗಿ ಕೂರುವುದಿಲ್ಲ. ಹಳೆಯ ಡ್ರೈವ್‌ನ ಮುಂದಿನ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ ಇಟ್ಟುಕೊಳ್ಳಿ, ಹೊಸದಕ್ಕೆ ಬೇಕಾಗುತ್ತದೆ. ಡೆಸ್ಕ್‌ಟಾಪ್ ಆದರೆ ಹಳೆಯ ಅಗಲ ಪಟ್ಟಿಯ ಐಡಿಇ ಕೇಬಲ್ಲಾ, ಸಾಟಾ ಕೇಬಲ್ಲಾ ನೋಡಿಕೊಂಡು ಹೋಗಿ. ವರ್ಷಕ್ಕೆ ಎರಡು ಸಲ ಮಾತ್ರ ಡಿಸ್ಕ್ ಹಾಕುವವರಿಗೆ ಯುಎಸ್‌ಬಿ ಡ್ರೈವ್ ಸಾಕು. ಅಂಗಡಿಗೆ ಹೋಗುವಾಗ ಓದದೆ ಇದ್ದ ಅದೇ ಡಿಸ್ಕನ್ನು ಕೊಂಡುಹೋಗಿ, ಹಣ ಕೊಡುವ ಮೊದಲು ಅಲ್ಲೇ ಹಾಕಿ ನೋಡಿ.